ಹಸಿ ಮರದ ರಿಂಗು

ಹೊಟ್ಟೆಕಿಚ್ಚು ಅಂತ ಯಾರು ಬೇಕಾದರೂ ಅನ್ನಲಿ, ನಾನು ಇಲ್ಲ ಅನ್ನುವುದಿಲ್ಲ. ಹೊಟ್ಟೆಕಿಚ್ಚೇ. ನನ್ನ ಗಂಡನ ತಮ್ಮನ ಹೆಂಡತಿ ಸುಚಿತ್ರಾ ಎಂಟು ವರ್ಷದ ಹಿಂದೆ ನಮ್ಮ ಬೈರಾಪಟ್ಟಣದ ಮನೆಯ ಹೊಸಿಲು ದಾಟಿ ಒಳಗೆ ಬಂದಳಲ್ಲ, ಅವತ್ತೇ ಹತ್ತಿಕೊಂಡಿತು. ಅವಳು ಡಿಗ್ರಿ ಮಾಡಿದವಳು, ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿ ಮನೆಯಲ್ಲಿ ಕೂತವಳು. ಅವಳು ಕಾಲೇಜಿನಲ್ಲಿ ಥ್ರೋಬಾಲ್ ಆಡಿ ಕಪ್ ಗೆದ್ದವಳು, ಆ ಕಪ್ಪು ಈಗಲೂ ಅವಳ ಟೀವಿಯ ಪಕ್ಕ ನಿಂತು ನನ್ನನ್ನೇ ನೋಡುತ್ತದೆ. ರಾಮನಗರದಲ್ಲಿ ಮನೆ ಮಾಡಿಕೊಂಡು, ಸ್ಕೂಟಿಯಲ್ಲಿ ಓಡಾಡಿಕೊಂಡು, ಒಂದು ಸ್ಕೂಲಿನಲ್ಲಿ ಮಿಸ್ ಆಗಿದ್ದಾಳೆ. ನಾನು ಬೆಳಿಗ್ಗೆ ಎಂಟರ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋಗಿ, ತಾಜ್ ಪಾಷಾ ಅಣ್ಣನ ಬೊಂಬೆ ಕಾರ್ಖಾನೆಯಲ್ಲಿ ಲೇತಿನ ಮುಂದೆ ಕೂರುತ್ತೇನೆ. ಸಂಜೆ ಬರುವಾಗ ಕೂದಲಲ್ಲಿ ಮರದ ಪುಡಿ, ಉಗುರಿನ ಸಂದಿಯಲ್ಲಿ ಅರಗು. ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಸ್ಕೂಟಿ, ಇಂಗ್ಲಿಷು, ಕಪ್ಪು ಎಲ್ಲ ಅವಳಿಗೇ ಇರಲಿ. ನನ್ನ ಮಕ್ಕಳ ತಂಟೆಗೆ ಬಂದಳಲ್ಲ, ಅಲ್ಲಿಗೆ ನನಗೆ ಸಾಕಾಯಿತು.

ನನಗೆ ಇಬ್ಬರು. ದೊಡ್ಡವಳು ಮೋಕ್ಷಿತಾ, ಹತ್ತು ವರ್ಷ, ಐದನೇ ಕ್ಲಾಸು ಮುಗಿಸಿದ್ದಾಳೆ. ಚಿಕ್ಕವನು ಲಿಖಿತ್, ಆರು. ಸುಚಿತ್ರಾಳಿಗೆ ಮಕ್ಕಳಾಗಿಲ್ಲ. ಅಯ್ಯೋ ಪಾಪ ಅಂತ ಮೊದಮೊದಲು ನಾನೇ ರಜೆಯಲ್ಲಿ ಇಬ್ಬರನ್ನೂ ಅವಳ ಮನೆಗೆ ಕಳಿಸುತ್ತಿದ್ದೆ. ಕಳಿಸಿದ್ದೇ ಕಳಿಸಿದ್ದು, ವಾಪಸ್ಸು ಬಂದ ಮಕ್ಕಳ ಬಾಯಲ್ಲಿ ಬರೀ ಚಿಕ್ಕಮ್ಮ. ಚಿಕ್ಕಮ್ಮನ ಚಪಾತಿ ರೌಂಡಾಗಿರುತ್ತೆ. ಚಿಕ್ಕಮ್ಮ ಬಯ್ಯಲ್ಲ. ಚಿಕ್ಕಮ್ಮ ಜಡೆ ಹಾಕಿದರೆ ನೋಯಲ್ಲ. ಹತ್ತು ವರ್ಷ ನಾನು ಆ ತಲೆಗೆ ಎಣ್ಣೆ ತಿಕ್ಕಿದ್ದೇನೆ, ಒಂದು ದಿನವೂ ನೋಯಿತು ಅಂದಿರಲಿಲ್ಲ ಮುಂಡೇದು.

ಯುಗಾದಿಗೆ ಬಂದಾಗ ಸುಚಿತ್ರಾ ಎಲ್ಲರ ಮುಂದೆ ಒಂದು ಮಾತು ಎತ್ತಿದಳು. ಮೋಕ್ಷಿ ಆರನೇ ಕ್ಲಾಸಿನಿಂದ ಅವರ ಮನೆಯಲ್ಲೇ ಇದ್ದುಕೊಂಡು ಅವಳ ಸ್ಕೂಲಿನಲ್ಲೇ ಓದಲಿ ಅಂತ. ನಮ್ಮತ್ತೆ ದೊಡ್ಡಲಕ್ಷ್ಮಮ್ಮ ಒಬ್ಬಟ್ಟು ಮುರಿಯುತ್ತಾ, "ಒಳ್ಳೇದೇ ಆಯ್ತದೆ ಬುಡು. ಕೂಸೂ ಉದ್ಧಾರ ಆಯ್ತದೆ, ಸುಚಿತ್ರಂಗೂ ಮನ್ಸಿಗೆ ಒಸಿ ಸಮಾಧಾನ ಆಯ್ತದೆ," ಅಂದುಬಿಟ್ಟರು. ನನ್ನ ಮನಸ್ಸಿನ ಸಮಾಧಾನದ ಸುದ್ದಿ ಯಾರೂ ಎತ್ತಲಿಲ್ಲ. ನನ್ನ ಗಂಡ ಮುನಿಕೃಷ್ಣ ಯಾವ ಕಡೆಗೂ ವಾಲದ ಮನುಷ್ಯ. "ಮಗು ಏನಂತದೋ ಅದೇ. ಹೂಂ ಅಂದ್ರೆ ಕಳ್ಸಾನ, ಊಹೂಂ ಅಂದ್ರೆ ಬ್ಯಾಡ," ಅಂತ ಕೈ ತೊಳೆದುಕೊಂಡರು.

ಅವತ್ತಿನಿಂದ ನಾನು ಮೋಕ್ಷಿಯನ್ನು ಕೇಳಲೇ ಇಲ್ಲ. ಕೇಳಿ, ಅವಳು ಹೂಂ ಅಂದುಬಿಟ್ಟರೆ? ಮೇ ತಿಂಗಳು ಬಂತು. ಸೋಮವಾರ ಸ್ಕೂಲಿಗೆ ಹೆಸರು ಕೊಡಬೇಕು ಅಂತ ಸುದ್ದಿ ಬಂತು. ಭಾನುವಾರ ನಾನು ಒಂದು ನಿರ್ಧಾರ ಮಾಡಿದೆ. ರಾಮನಗರದಲ್ಲಿ ಎಗ್ಸಿಬಿಷನ್ ಬಂದಿದೆ, ಮಕ್ಕಳು ಹದಿನೈದು ದಿನದಿಂದ ಪ್ರಾಣ ತಿನ್ನುತ್ತಿದ್ದಾರೆ. ಇವತ್ತು ನಾನೇ ಕರೆದುಕೊಂಡು ಹೋಗುತ್ತೇನೆ, ಕೇಳಿದ್ದೆಲ್ಲ ಕೊಡಿಸುತ್ತೇನೆ, ಆಡಿಸುತ್ತೇನೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಮೋಕ್ಷಿ ನನ್ನ ತೊಡೆ ಮೇಲೆ ತಲೆಯಿಟ್ಟು ಮಲಗಿರುವಾಗ ಕೇಳುತ್ತೇನೆ. ಆಗ ಹೇಗೆ ಹೂಂ ಅನ್ನುತ್ತಾಳೋ ನೋಡೋಣ.

ಬಸ್ಸು ಕೆಂಗಲ್ ದಾಟುವಾಗ ಕಿಟಕಿಯಿಂದಲೇ ಆಂಜನೇಯನಿಗೆ ಕೈ ಮುಗಿದೆ. ಸ್ವಾಮಿ, ಇವತ್ತೊಂದು ದಿನ ನನ್ನ ಮಗಳ ಬಾಯಲ್ಲಿ ಚಿಕ್ಕಮ್ಮನ ಹೆಸರು ಬರದ ಹಾಗೆ ನೋಡಿಕೊ, ಹೆಚ್ಚೇನೂ ಬೇಡ. ಮುಗಿದ ಕೈ ಇನ್ನೂ ಇಳಿಸಿರಲಿಲ್ಲ.

"ಅಮ್ಮಾ, ಚಿಕ್ಕಮ್ಮಾನೂ ಬತ್ತಾರೆ. ಐದ್ ಗಂಟೆಗೆ," ಅಂದಳು ಮೋಕ್ಷಿ.

"ಯಾರಮ್ಮಿ ಕರೆದೋರು?"

"ನಾನೇ. ಫೋನ್ ಮಾಡಿದ್ದೆ."

"ಯಾಕೆ? ನಾನಿಲ್ವಾ? ನಾನೇನ್ ಸತ್ತೋಗಿದ್ನಾ?"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಮೋಕ್ಷಿ ಕಿಟಕಿಯ ಕಡೆ ಮುಖ ಮಾಡಿದಳು. ಲಿಖಿತ್ ಮಾತ್ರ, "ಹೈ! ಚಿಕ್ಕಮ್ಮ ಬತ್ತಾರೆ!" ಅಂತ ಸೀಟಿನ ಮೇಲೆ ಎದ್ದು ನಿಂತ. ಕೂರಿಸಲು ಒಂದು ಬಿಟ್ಟೆ.

ನಾವು ಮೈದಾನ ಸೇರಿದಾಗ ಮೂರು ಗಂಟೆ. ಅಂದರೆ ನನಗೆ ಎರಡು ಗಂಟೆ ಟೈಮಿದೆ. ಬಿಸಿಲು ಇನ್ನೂ ತಲೆಯ ಮೇಲೇ ಇತ್ತು, ಧೂಳಿಗೆ ನೀರು ಹೊಡೆದಿದ್ದರು. ಜಾಯಿಂಟ್ ವೀಲ್ ಆಗಲೇ ತಿರುಗುತ್ತಿತ್ತು. ಮೈಕಿನಲ್ಲಿ ಒಬ್ಬ ಸಾವಿನ ಬಾವಿಯಲ್ಲಿ ಬೈಕ್ ಓಡಿಸುವವನ ಬಗ್ಗೆ ಒಂದೇ ಉಸಿರಿಗೆ ಹೊಗಳುತ್ತಿದ್ದ. ದೆಹಲಿ ಹಪ್ಪಳ ಕೊಡಿಸಿದೆ, ಬಾಂಬೆ ಮಿಠಾಯಿ ಕೊಡಿಸಿದೆ, ಲಿಖಿತನನ್ನು ತಿರುಗುವ ಕಾರಿನಲ್ಲಿ ಮೂರು ಸಲ ಕೂರಿಸಿದೆ. ಗಳಿಗೆಗೊಮ್ಮೆ ಮೋಕ್ಷಿಯ ಮುಖ ನೋಡುತ್ತಿದ್ದೆ, ಏನಾದರೂ ಅರಳಿತಾ ಅಂತ. ಅವಳು ನಗುತ್ತಿದ್ದಳು, ಆದರೆ ನೆಂಟರ ಮನೆಯಲ್ಲಿ ಕೂತವರ ಹಾಗೆ ನೋಡಿಕೊಂಡು ನಗುತ್ತಿದ್ದಳು.

ಆಗ ಕೊಲಂಬಸ್ ಕಂಡಿತು. ಆ ಹಡಗು ಮುಗಿಲಿಗೆ ಹೋಗಿ ವಾಪಸ್ಸು ಬರುತ್ತಲ್ಲ, ಅದು. ನನಗೆ ಮನೆಯ ಅಟ್ಟ ಹತ್ತಿದರೂ ತಲೆ ಸುತ್ತುತ್ತದೆ.

"ಅಮ್ಮಾ, ನಿಂಗ್ ಬ್ಯಾಡ," ಅಂದಳು ಮೋಕ್ಷಿ.

"ಚಿಕ್ಕಮ್ಮ ಎರಡ್ ಸಲ ಕೂತಿದ್ರು," ಅಂದ ಲಿಖಿತ್.

ಇನ್ನು ಬಿಡಲಾದೀತೇ? ಹತ್ತಿ ಕೂತೆ. ಮೊದಲನೇ ಸಲ ಮೇಲೆ ಹೋದಾಗ ಕಣ್ಣು ಮುಚ್ಚಿದವಳು ಇಳಿಯುವವರೆಗೆ ತೆಗೆಯಲಿಲ್ಲ. ಮನೆದೇವರಿಂದ ಹಿಡಿದು ತಾಜ್ ಪಾಷಾ ಅಣ್ಣನ ದರ್ಗಾದವರೆಗೆ ಎಲ್ಲರಿಗೂ ಹರಕೆ ಕಟ್ಟಿಕೊಂಡೆ. ಕೆಳಗಿಳಿದು ಎರಡು ಹೆಜ್ಜೆ ಹಾಕಿ, ತಡಿಕೆಯ ಪಕ್ಕ ಕೂತು ಮಧ್ಯಾಹ್ನದ ಮುದ್ದೆಯನ್ನೆಲ್ಲ ಕಕ್ಕಿಬಿಟ್ಟೆ. ಮೋಕ್ಷಿ ಓಡಿಹೋಗಿ ನಿಂಬೆಹಣ್ಣಿನ ಸೋಡಾ ತಂದಳು. ನನ್ನ ಬಾಯಿ ಒರೆಸಿದಳು, ತನ್ನ ವೇಲಿನಲ್ಲಿ ಗಾಳಿ ಬೀಸಿದಳು, "ಬ್ಯಾಡ ಅಂದ್ನಲ್ಲಮ್ಮ," ಅಂತ ಬೆನ್ನು ಸವರಿದಳು. ನನಗೆ ಆಗ ಕಂಡದ್ದು ಬೆನ್ನ ಮೇಲಿನ ಕೈ ಅಲ್ಲ, ನನ್ನ ಮಾನ ಹೋದದ್ದು. ಸುಚಿತ್ರಾ ಎರಡು ಸಲ ಕೂತಳಂತೆ, ನಾನು ಒಂದಕ್ಕೇ ಕಕ್ಕಿದೆ.

ಸುಧಾರಿಸಿಕೊಂಡು ಎದ್ದು ಬರುವಾಗ ರಿಂಗ್ ಎಸೆಯುವ ಅಂಗಡಿ ಸಿಕ್ಕಿತು. ಮೂರು ಸಾಲಿನಲ್ಲಿ ಚೌಕ ಮರದ ದಿಮ್ಮಿಗಳು, ದಿಮ್ಮಿಗಳ ಮೇಲೆ ನಂಬರು. ಹಿಂದೆ ಹಲಗೆಯ ಮೇಲೆ ಅದೇ ನಂಬರಿನ ಬಹುಮಾನಗಳು: ಸೋಪು, ಸ್ಟೀಲ್ ಡಬ್ಬಿ, ಗೋಡೆ ಗಡಿಯಾರ, ಟೆಡ್ಡಿ. ಒಂದು ಟಿಕೆಟ್ಟಿಗೆ ಐದು ರಿಂಗು. ಎಸೆದ ರಿಂಗು ದಿಮ್ಮಿಯ ಸುತ್ತ ಇಳಿದು ಕೆಳಗೆ ಕೂರಬೇಕು.

ಬುಟ್ಟಿಯಲ್ಲಿದ್ದ ರಿಂಗುಗಳನ್ನು ನೋಡಿ ನನ್ನ ಕಣ್ಣು ಅಗಲವಾಯಿತು. ಕೆಂಪು, ಹಳದಿ, ಹಸಿರು, ಒಳಗಂಚಿನಲ್ಲಿ ಸಣ್ಣ ಕಪ್ಪು ಗೆರೆ. ಆ ಗೆರೆ ನನ್ನದು. ನಮ್ಮ ಕಾರ್ಖಾನೆಯಲ್ಲಿ ಕಡೆಯುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಗುರುತು, ನಾನು ಉಳಿಯ ತುದಿಯಿಂದ ಒಳಗೆ ಒಂದು ಗೆರೆ ಎಳೆಯುತ್ತೇನೆ.

"ಮೋಕ್ಷಿ, ನೋಡಮ್ಮಿ! ಇವು ನಾನು ಮಾಡಿದ್ದು ಕಣೆ!"

ಅವಳು ಒಂದು ಎತ್ತಿಕೊಂಡು ತಿರುಗಿಸಿ ನೋಡಿದಳು. "ಹೂಂ ಕಣಮ್ಮ, ನಿನ್ ಗೆರೆ!" ಅಂದಳು. ಆ ಮುಖ ಅರಳಿತು ನೋಡಿ, ಇಡೀ ಮಧ್ಯಾಹ್ನದಲ್ಲಿ ಮೊದಲನೇ ಸಲ. ರಜೆಯಲ್ಲಿ ಅವಳು ಕಾರ್ಖಾನೆಗೆ ನನ್ನ ಜೊತೆ ಬರುತ್ತಾಳೆ, ನನ್ನ ಪಕ್ಕದಲ್ಲಿ ಕೂತು ಮುಗಿದ ಸಾಮಾನನ್ನು ಬುಟ್ಟಿಗೆ ಜೋಡಿಸುತ್ತಾಳೆ. "ಅಣ್ಣಾ, ಇವು ನಮ್ಮಮ್ಮ ಮಾಡಿದ್ದು!" ಅಂತ ಅಂಗಡಿಯವನಿಗೆ ಹೇಳಿದಳು. ಲಿಖಿತ್ ಪಕ್ಕದಲ್ಲಿ ನಿಂತಿದ್ದ ಗೊತ್ತಿಲ್ಲದವರಿಗೂ ಹೇಳಿದ. ನನಗೆ ಒಂದು ಮೊಳ ಎತ್ತರ ಬೆಳೆದ ಹಾಗಾಯಿತು.

ಒಂದು ರಿಂಗನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳನ್ನು ಒಳಗೆ ಒಂದು ಸುತ್ತು ಆಡಿಸಿದೆ. ದುಂಡಗಿರಲಿಲ್ಲ.

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳ ಹಿಂದೆ ಈ ಆರ್ಡರ್ ಬಂದಿತ್ತು, ಐನೂರು ರಿಂಗು, ಜೊತೆಗೆ ಅಳತೆಗೆ ಒಂದು ದಿಮ್ಮಿ. ಏತಕ್ಕೆ ಅಂತ ನಮಗೆ ಗೊತ್ತಿರಲಿಲ್ಲ, ಆ ದಿಮ್ಮಿಯ ಮೇಲೆ ಸಲೀಸಾಗಿ ಇಳಿಯಬೇಕು ಅಷ್ಟೇ. ನಾವು ಕಡೆಯುವುದು ಆಲೆ ಮರ. ಅದನ್ನು ತಂದು ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಬೇಕು. ಹಸಿಯಲ್ಲಿ ಕಡೆದರೆ ಬೆಣ್ಣೆಯ ಹಾಗೆ ಬರುತ್ತದೆ, ಕೆಲಸ ಬೇಗ ಆಗುತ್ತದೆ, ಅರಗೂ ಹತ್ತಿಕೊಳ್ಳುತ್ತದೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಒಣಗುತ್ತಾ ಕುಗ್ಗುತ್ತದೆ, ದುಂಡಗಿದ್ದದ್ದು ಮೊಟ್ಟೆಯಾಗುತ್ತದೆ. "ಹಸೀದು ಮುಟ್ಬ್ಯಾಡಿ ಕಣಮ್ಮ," ಅಂತ ತಾಜ್ ಪಾಷಾ ಅಣ್ಣ ದಿನಾ ಹೇಳುತ್ತಾರೆ. ಆದರೆ ಒಂದು ಶನಿವಾರ ಸುಚಿತ್ರಾ ನನ್ನ ಮಕ್ಕಳನ್ನು ಬೆಂಗಳೂರು ತೋರಿಸಲು ಕರೆದುಕೊಂಡು ಹೋಗಿದ್ದಳು. ಅವರು ವಾಪಸ್ಸು ಬರುವ ಹೊತ್ತಿಗೆ ನಾನು ಮನೆಯ ಬಾಗಿಲಲ್ಲಿ ನಿಂತಿರಬೇಕು, ಅವಳು ಅವರಿಗೆ ಅನ್ನ ಕಲಸಿ ಕೊಡುವ ಮೊದಲು ನಾನು ಕೊಡಬೇಕು ಅನ್ನುವ ಹಟ ನನಗೆ. ಒಣಗಿದ ಮರ ತರಲು ಗೋಡೌನಿಗೆ ಹೋಗಬೇಕಿತ್ತು. ಕಾಲ ಹತ್ತಿರವೇ ಹಸಿ ಮರ ಬಿದ್ದಿತ್ತು. ಇನ್ನೂರು ರಿಂಗನ್ನು ಅದರಲ್ಲೇ ಎಳೆದು, ಒಣಗಿದ್ದರ ಜೊತೆ ಬೆರೆಸಿ, ನಾಲ್ಕು ಗಂಟೆಯ ಬಸ್ಸು ಹತ್ತಿದೆ.

ಅವು ಈಗ ನನ್ನ ಕಣ್ಣ ಮುಂದೆ, ಬಣ್ಣ ಬಣ್ಣವಾಗಿ, ಕಳ್ಳನ ಹಾಗೆ ಒಳ್ಳೆಯವುಗಳ ನಡುವೆ ಕೂತಿದ್ದವು.

"ನಂಗೂ ಒಂದೊಂದ್ಸಲ ತಲೆ ಕೆಡ್ತದೆ ಕಣಕ್ಕ," ಅಂದ ಅಂಗಡಿಯವನು, ನನ್ನದೇ ಕೆಲಸ ಅಂತ ಗೊತ್ತಾದ ಮೇಲೆ. "ಕೆಲವು ಚೆಂದಾಗ್ ಕೂರ್ತವೆ. ಕೆಲವು ದಿಮ್ಮಿ ಮೇಲೇ ನಿಂತ್ಕಬುಡ್ತವೆ. ಜನ ನಂಗ್ ಬಯ್ತಾರೆ, ಮೋಸ ಅಂತ."

"ಎಸಿಯೋರ ಕೈ ಸರ್ಯಾಗಿಲ್ಲ ಬುಡಪ್ಪ," ಅಂದೆ.

ಮೋಕ್ಷಿ ಹಿಂದಿನ ಸಾಲಿನ ಹದಿನೇಳನೇ ನಂಬರು ತೋರಿಸಿದಳು. ಅದರ ಬಹುಮಾನ ಒಂದು ಟೇಬಲ್ ಲ್ಯಾಂಪು. ನೀಲಿ ಬಣ್ಣ, ಕತ್ತು ಬಗ್ಗಿಸಬಹುದು, ಚಾರ್ಜ್ ಮಾಡಿಟ್ಟರೆ ಕರೆಂಟಿಲ್ಲದೆ ಉರಿಯುವಂಥದ್ದು. "ಅದು ಬೇಕಮ್ಮ. ಆರನೇ ಕ್ಲಾಸಲ್ಲಿ ಓದಕ್ಕೆ."

ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು, ಆರನೇ ಕ್ಲಾಸು. ಹಾಗಾದರೆ ಇವಳು ಹೊರಟಾಯಿತು. ಚಿಕ್ಕಮ್ಮನ ಮನೆಯ ಟೇಬಲ್ಲಿಗೆ ಲ್ಯಾಂಪು ಹುಡುಕುತ್ತಿದ್ದಾಳೆ.

ಆದರೂ ನಾನೇ ಗೆದ್ದು ಕೊಡುತ್ತೇನೆ ಅಂತ ಟಿಕೆಟ್ ತೆಗೆದುಕೊಂಡೆ. ಒಳ್ಳೆಯವು ಯಾವು ಅಂತ ನನಗೆ ಗೊತ್ತಲ್ಲ. ಹಸಿ ಮರದ್ದು ಕುಗ್ಗಿದಾಗ ಮೇಲಿನ ಅರಗು ಒಳಗಿಂದೊಳಗೆ ಸಡಿಲವಾಗಿರುತ್ತದೆ, ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರೆ ತೊಪ್ ಅನ್ನುತ್ತದೆ. ಒಣಗಿದ್ದು ಟಣ್ ಅನ್ನುತ್ತದೆ. ಟಣ್ ಅನ್ನುವ ಐದನ್ನು ಆರಿಸಿಕೊಂಡೆ. ಒಂದು ಮೊದಲ ಸಾಲಿನ ಈಚೆಗೇ ಬಿತ್ತು. ಒಂದು ತಡಿಕೆಗೆ ಬಡಿಯಿತು. ಮೂರನೆಯದು ಅಂಗಡಿಯವನ ಭುಜಕ್ಕೆ. ಲಿಖಿತ್ ನಕ್ಕು ನಕ್ಕು ನೆಲಕ್ಕೆ ಕೂತ. ಉಳಿದೆರಡೂ ಎಲ್ಲಿ ಹೋದವೋ ದೇವರಿಗೇ ಗೊತ್ತು. ರಿಂಗು ಮಾಡಲು ಬರುತ್ತದೆ ಅಂದ ಮಾತ್ರಕ್ಕೆ ಎಸೆಯಲು ಬರಬೇಕಲ್ಲ.

"ಚಿಕ್ಕಮ್ಮ ಆಗಿದ್ರೆ ಹಾಕ್ಬುಡ್ತಿದ್ರು," ಅಂದ ಲಿಖಿತ್. "ಥ್ರೋಬಾಲ್ ಚಾಂಪಿಯನ್ನು!"

"ಯಾರೋ ಅದು ಚಾಂಪಿಯನ್ನು?" ಅಂತ ಹಿಂದಿನಿಂದ ದನಿ ಬಂತು.

ಐದು ಗಂಟೆ ಆಗಿರಲಿಲ್ಲ, ನಾಲ್ಕೂಮುಕ್ಕಾಲಿಗೇ ಬಂದು ನಿಂತಿದ್ದಳು ಸುಚಿತ್ರಾ. ತಿಳಿ ಗುಲಾಬಿ ಚೂಡಿದಾರ, ಕೈಯಲ್ಲಿ ಹೆಲ್ಮೆಟ್ಟು. ಲಿಖಿತ್ ಹಾರಿ ಅವಳ ಸೊಂಟಕ್ಕೆ ಜೋತುಬಿದ್ದ. ಮೋಕ್ಷಿ ಹೋಗಿ ಅವಳ ಕೈ ಹಿಡಿದುಕೊಂಡಳು. ಎರಡೂ ಕೈಯಲ್ಲಿ. ಸುಚಿತ್ರಾ ಬಗ್ಗಿ ಅವಳ ನೆತ್ತಿಗೆ ಮುತ್ತು ಕೊಟ್ಟಳು, ಕೊಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದಳು. ಅವಳ ಕಣ್ಣು ಕೆಂಪಗಿತ್ತು. ಸ್ಕೂಟಿಯ ಧೂಳು ಅಂದುಕೊಂಡೆ. ನನ್ನ ಕಣ್ಣಿಗೆ ಬೇರೆಯೇ ಏನೋ ಬಿದ್ದಿತ್ತು, ಎರಡು ಗಂಟೆ ನಾನು ಕಕ್ಕಿ, ಎಸೆದು, ನಗೆಪಾಟಲಾದರೂ ನನ್ನ ಕೈಯನ್ನು ಮೋಕ್ಷಿ ಹಾಗೆ ಹಿಡಿದಿರಲಿಲ್ಲ.

"ಅಕ್ಕ, ಚೆನ್ನಾಗಿದೀರಾ? ಯಾಕೆ ಮುಖ ಬಾಡಿದೆ?"

"ಬಿಸ್ಲು," ಅಂದೆ.

ಮೋಕ್ಷಿಗೆ ಲ್ಯಾಂಪು ಬೇಕಂತೆ ಅಂತ ಲಿಖಿತ್ ಹೇಳಿಯೇಬಿಟ್ಟ. ಸುಚಿತ್ರಾ ಆಗಲೇ ತೋಳು ಮಡಚುತ್ತಿದ್ದಳು. "ಇವತ್ತು ಅದನ್ನ ತಗೊಂಡೇ ಹೋಗೋದು ಬಂಗಾರ. ನಾನು ಕೊಡ್ಸಿದ್ದು ಅಂತ ನಿನ್ ಹತ್ರ ಒಂದು ಇರ್ಲಿ."

ಇವಳು ಎಸೆದರೆ ಬೀಳುತ್ತದೆ, ನನಗೆ ಗೊತ್ತು. ಲ್ಯಾಂಪು ಮೋಕ್ಷಿಯ ಕೈಗೆ ಬರುತ್ತದೆ. ಆ ಲ್ಯಾಂಪನ್ನು ಅಪ್ಪಿಕೊಂಡು ನನ್ನ ಮಗಳು ಬಸ್ಸಿನಲ್ಲಿ ಕೂರುತ್ತಾಳೆ, ನನ್ನ ತೊಡೆಯ ಮೇಲೆ ತಲೆಯಲ್ಲ, ಲ್ಯಾಂಪು ಇರುತ್ತದೆ. ಆಮೇಲೆ ನಾನು ಏನು ಕೇಳುವುದು?

ಅಂಗಡಿಯವನು ಬುಟ್ಟಿಯನ್ನು ಅವಳ ಮುಂದೆ ನೂಕಿದ. ನಾನು ಅಡ್ಡ ಕೈ ಹಾಕಿದೆ. "ತಡಿ ಸುಚಿ, ನಾನ್ ಆರಿಸ್ಕೊಡ್ತೀನಿ. ನಾನೇ ಕಡೆದಿರೋ ರಿಂಗು ಇವು."

"ನಿಜವಾಗ್ಲೂ? ಅಕ್ಕ ಮಾಡಿರೋದಾ!" ಅವಳಿಗೆ ಎಷ್ಟು ಖುಷಿಯಾಯಿತು ಅಂದರೆ ಒಂದನ್ನು ಎತ್ತಿ ಫೋಟೋ ತೆಗೆದುಕೊಂಡಳು. "ಹಾಗಾದ್ರೆ ಬೀಳ್ದೆ ಎಲ್ಲಿಗೆ ಹೋಗುತ್ತೆ!"

ಕೈ ತಾನಾಗಿಯೇ ಹೋಯಿತು ಅಂತ ಸುಳ್ಳು ಹೇಳುವುದಿಲ್ಲ. ಗೊತ್ತಿದ್ದೇ ಮಾಡಿದೆ. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ತಟ್ಟಿದೆ. ಟಣ್ ಅಂದದ್ದನ್ನು ವಾಪಸ್ಸು ಹಾಕಿದೆ. ತೊಪ್ ಅಂದ ಐದನ್ನು ಅವಳ ಕೈಗಿಟ್ಟೆ. ಪಕ್ಕದಲ್ಲಿ ಮೋಕ್ಷಿ ನಿಂತಿದ್ದಳು. ಅವಳು ದಿಮ್ಮಿಯನ್ನು ನೋಡುತ್ತಿದ್ದಾಳೆ ಅಂತಲೇ ನಾನು ಅಂದುಕೊಂಡಿದ್ದೆ.

ಸುಚಿತ್ರಾ ಕಾಲು ಮುಂದಿಟ್ಟು, ಒಂದು ಕಣ್ಣು ಮುಚ್ಚಿ, ಎಸೆದಳು. ಏನು ಕೈ ಅದು! ರಿಂಗು ತಟ್ಟೆಯ ಹಾಗೆ ಮಟ್ಟಸವಾಗಿ ಹೋಗಿ ಹದಿನೇಳನೇ ದಿಮ್ಮಿಯ ನೆತ್ತಿಯ ಮೇಲೇ ಬಿತ್ತು. ಬಿದ್ದು, ಅಲ್ಲೇ ನಿಂತಿತು. ಇಳಿಯಲಿಲ್ಲ.

"ಅಯ್ಯೋ!" ಅಂದರು ಸುತ್ತ ಇದ್ದವರೆಲ್ಲ.

"ಕೂರ್ಲಿಲ್ಲ ಮೇಡಂ, ಕೆಳ್ಗ್ ಕೂರ್ಬೇಕು."

ಎರಡನೆಯದೂ ಅಲ್ಲಿಗೇ. ಮೂಲೆಗೆ ಸಿಕ್ಕಿಕೊಂಡು ಓರೆಯಾಗಿ ನೇತಾಡಿತು. ಮೂರು, ನಾಲ್ಕು, ಐದು. ಒಂದೂ ಗುರಿ ತಪ್ಪಲಿಲ್ಲ, ಒಂದೂ ಇಳಿಯಲಿಲ್ಲ. ಅವಳು ಇನ್ನೊಂದು ಟಿಕೆಟ್ಟು ತೆಗೆದುಕೊಂಡು, ನನ್ನ ಕಡೆ ಕೈ ಚಾಚಿದಳು. "ಆರಿಸ್ಕೊಡಿ ಅಕ್ಕ."

ಮತ್ತೆ ಐದು ಆರಿಸಿಕೊಟ್ಟೆ. ಮೊದಲನೇ ಸಲದ್ದು ಕೋಪ ಅನ್ನಬಹುದು. ಎರಡನೇ ಸಲದ್ದಕ್ಕೆ ಏನು ಹೆಸರಿಡಬೇಕೋ ನನಗೆ ಗೊತ್ತಿಲ್ಲ.

ಸುತ್ತ ಜನ ಕೂಡಿತ್ತು. ಯಾವನೋ, "ಮೇಡಂ, ಬುಡಿ, ಟೆಡ್ಡಿಗ್ ಟ್ರೈ ಮಾಡಿ," ಅಂತ ಕಿಚಾಯಿಸಿದ. ಸುಚಿತ್ರಾ ನಗುತ್ತಲೇ ಎಸೆಯುತ್ತಿದ್ದಳು, ಆದರೆ ಒಂದೊಂದು ರಿಂಗಿಗೂ ಆ ನಗೆ ಒಂದಿಷ್ಟು ಕಡಿಮೆಯಾಗುತ್ತಾ ಬಂತು. ಕೊನೆಯದು ದಿಮ್ಮಿಗೆ ಬಡಿದು, ಪುಟಿದು, ಕಟಕಟೆಯ ಈಚೆಗೆ ಉರುಳಿ ಮೋಕ್ಷಿಯ ಕಾಲ ಹತ್ತಿರ ಬಂದು ಬಿತ್ತು.

ಸುಚಿತ್ರಾ ತನ್ನ ಎರಡೂ ಅಂಗೈಯನ್ನು ಬಿಡಿಸಿ ನೋಡಿಕೊಂಡಳು. "ನೋಡಿ ಅಕ್ಕ," ಅಂದಳು, "ಹತ್ತಿರದವರೆಗೂ ಬರುತ್ತೆ. ನನ್ ಕೈಲಿ ಯಾವುದೂ ನಿಲ್ಲಲ್ಲ."

ಅವಳು ಯಾವುದರ ಬಗ್ಗೆ ಹೇಳಿದಳು ಅಂತ ತಿಳಿಯದಷ್ಟು ದಡ್ಡಿ ನಾನಲ್ಲ. ಎರಡು ಸಲ ಅವಳ ಹೊಟ್ಟೆಯಲ್ಲಿ ನಿಂತದ್ದು ಮೂರನೇ ತಿಂಗಳಿಗೆ ಹೋಗಿತ್ತು. ಎರಡನೇ ಸಲ ಆಸ್ಪತ್ರೆಯಲ್ಲಿ ಅವಳ ಕಾಲು ಒತ್ತುತ್ತಾ ಕೂತವಳು ನಾನೇ. ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು, ಇನ್ನೊಂದು ಟಿಕೆಟ್ ತೆಗೆದು ಟಣ್ ಅನ್ನುವ ಐದನ್ನು ಅವಳ ಕೈಗಿಡಬಹುದಿತ್ತು. ಸುಮ್ಮನೆ ನಿಂತಿದ್ದೆ.

"ಬುಡಿ ಚಿಕ್ಕಮ್ಮ. ನಂಗ್ ಬ್ಯಾಡ," ಅಂದಳು ಮೋಕ್ಷಿ.

ಆಮೇಲೆ ಸುಚಿತ್ರಾ ಎಲ್ಲರಿಗೂ ಗೋಬಿ ಕೊಡಿಸಿದಳು. ಲಿಖಿತನನ್ನು ಜಾಯಿಂಟ್ ವೀಲಿನಲ್ಲಿ ಕೂರಿಸಿದಳು. ಮೋಕ್ಷಿಯ ಜಡೆ ಬಿಚ್ಚಿ, ನಿಂತಲ್ಲೇ, ಮತ್ತೆ ಹಾಕಿದಳು. ನಿಧಾನವಾಗಿ, ಮುಗಿಯಬಾರದು ಅನ್ನುವ ಹಾಗೆ ಹಾಕಿದಳು. ಸೋಮವಾರದ ಅಡ್ಮಿಷನ್ನಿನ ಮಾತು ಅವಳು ಎತ್ತಲಿಲ್ಲ. ಗೆದ್ದ ಜಂಭ, ಅಷ್ಟೂ ಗೊತ್ತಾಗಲ್ವಾ ನನಗೆ, ಅಂದುಕೊಂಡೆ. ಆರು ಗಂಟೆಗೆ ಹೆಲ್ಮೆಟ್ ಹಾಕಿಕೊಂಡು ಹೊರಟಳು.

ಬಸ್ಸಿನಲ್ಲಿ ಲಿಖಿತ್ ಕೂತ ತಕ್ಷಣ ನಿದ್ದೆ ಹೋದ. ಮೋಕ್ಷಿ ಕಿಟಕಿಯ ಪಕ್ಕ ಕೂತಳು. ಹೊರಗೆ ಇನ್ನೂ ಬೆಳಕಿತ್ತು. ನನ್ನ ತೊಡೆ ಖಾಲಿಯಿತ್ತು, ಅವಳು ತಲೆಯಿಡಲಿಲ್ಲ. ಕೇಳಬೇಕಾದ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದೆ. ಆಗ ಅವಳು ವೇಲಿನ ಗಂಟು ಬಿಚ್ಚಿ ಒಂದು ಹಳದಿ ರಿಂಗು ಹೊರಗೆ ತೆಗೆದಳು.

"ಏನಮ್ಮಿ ಇದು? ಕದ್ಕಂಡ್ ಬಂದಾ?"

"ಇದ್ರಲ್ಲಿ ಯಾರೂ ಗೆಲ್ಲಕ್ಕಾಗಲ್ಲ. ಅದುಕ್ಕೇ ತಕ್ಕಬಂದೆ." ಅವಳು ರಿಂಗನ್ನು ನನ್ನ ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದಳು. ತೊಪ್ ಅಂದಿತು.

"ಹಸಿ ಮರದ್ದು," ಅಂದಳು. "ನೀನೇ ಹೇಳ್ಕೊಟ್ಟಿದ್ದು. ಟಣ್ ಅನ್ನೋದು ಬುಟ್ಟಿಗೆ, ತೊಪ್ ಅನ್ನೋದು ಒಲೆಗೆ ಅಂತ. ನೀನು ಚಿಕ್ಕಮ್ಮಂಗೆ ಹತ್ತೂ ತೊಪ್ ಅನ್ನೋದೇ ಕೊಟ್ಟೆ. ನಾನ್ ಕೇಳುಸ್ಕತಿದ್ದೆ."

ಎಂಟು ವರ್ಷದಿಂದ ಈ ಹುಡುಗಿ ಆ ಸುಚಿತ್ರಾಳ ಹಾಗೆ ಆಗಿಬಿಡುತ್ತಾಳೆ ಅಂತ ಹೊಟ್ಟೆ ಉರಿಸಿಕೊಂಡಿದ್ದೆನಲ್ಲ. ಇವಳಿಗೆ ನನ್ನ ಕಿವಿ ಬಂದಿದೆ. ಕಾರ್ಖಾನೆಯಲ್ಲಿ ನನ್ನ ಜೊತೆ ಹತ್ತು ವರ್ಷ ಕೆಲಸ ಮಾಡಿದ ಹೆಂಗಸರಿಗೂ ಆ ಗದ್ದಲದಲ್ಲಿ ಆ ಸದ್ದು ಕೇಳುತ್ತಿರಲಿಲ್ಲ.

"ಮತ್ಯಾಕೆ ಅಲ್ಲೇ ಹೇಳ್ಲಿಲ್ಲ?" ಅಂದೆ.

"ಅಷ್ಟ್ ಜನರ ಮುಂದೆ ನಮ್ಮಮ್ಮ ಮೋಸ ಮಾಡ್ತಾವ್ಳೆ ಅಂತ ಹೆಂಗೇಳ್ಲಿ?"

ಕಂಡಕ್ಟರ್ ಬಂದು ಟಿಕೆಟ್ ಕೇಳಿ ಹೋದ. ನಾನು ಕೊಟ್ಟೆನೋ ಇಲ್ಲವೋ ನೆನಪಿಲ್ಲ.

"ನೀನು ಅವ್ರ ಮನೆಗೆ ಹೊಂಟೋಯ್ತೀಯಲ್ಲ," ಅಂದೆ. "ಅದುಕ್ಕೇ ಕಣವ್ವ. ಬ್ಯಾರೆ ಏನೂ ಇಲ್ಲ. ಲ್ಯಾಂಪೂ ಅಲ್ಲಿಗೇ ಅನ್ಕಂಡೆ."

ಮೋಕ್ಷಿ ನನ್ನನ್ನು ಒಂದು ಥರ ನೋಡಿದಳು. "ಅಲ್ಲಿಗ್ಯಾಕೆ ಲ್ಯಾಂಪು? ಚಿಕ್ಕಮ್ಮನ ಮನೇಲಿ ಯುಪಿಎಸ್ ಐತೆ, ಕರೆಂಟೇ ಹೋಗಲ್ಲ. ಸಂಜೆ ಆದ್ರೆ ಕರೆಂಟ್ ಹೋಗೋದು ನಮ್ಮನೇಲಿ ಅಲ್ವಾ?"

"ಅಂದ್ರೆ?" ಅಂದೆ.

"ಬರಲ್ಲ ಅಂತ ಮೊನ್ನೆ ಶುಕ್ರವಾರಾನೇ ಹೇಳ್ಬುಟ್ಟಿದ್ದೆ, ಫೋನಲ್ಲಿ. ಚಿಕ್ಕಮ್ಮ ಸರಿ ಬಂಗಾರ ಅಂದ್ರು. ಅಳ್ತಿದ್ರು. ಅದುಕ್ಕೇ ಎಗ್ಸಿಬಿಷನ್ಗಾದ್ರೂ ಬನ್ನಿ ಅಂದೆ." ಅವಳು ರಿಂಗನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. "ನಿಂಗೆ ಹೇಳನ ಅಂದ್ರೆ ನೀನ್ ಕೇಳ್ಲೇ ಇಲ್ಲ. ನಾನ್ ಹೋದ್ರೇ ಒಳ್ಳೇದು ಅಂತ ಸುಮ್ಗಿದೀಯೇನೋ ಅನ್ಕಂಡೆ."

ಅಯ್ಯೋ ಶಿವನೇ. ಸೋತು ಬಂದು ನಿಂತವಳ ಕೈಯಿಂದ ನಾನು ಒಂದು ಲ್ಯಾಂಪನ್ನೂ ಕಿತ್ತುಕೊಂಡಿದ್ದೆ. ನನ್ನ ಮನೆಯ ಕತ್ತಲೆಗೆ, ನನ್ನ ಮಗಳ ಪುಸ್ತಕದ ಮೇಲೆ ಉರಿಯಬೇಕಿದ್ದ ಲ್ಯಾಂಪು. ನಾನು ಕೊಡ್ಸಿದ್ದು ಅಂತ ನಿನ್ ಹತ್ರ ಒಂದು ಇರ್ಲಿ ಅಂದಿದ್ದಳು. ಅಷ್ಟೇ ಕೇಳಿದ್ದಳು.

ಬಸ್ಸು ಕೆಂಗಲ್ಲಿನ ಹತ್ತಿರ ಬಂತು. ಮಧ್ಯಾಹ್ನ ಕೈ ಮುಗಿದವಳು ಈಗ ಆ ಕಡೆ ತಿರುಗಿಯೂ ನೋಡಲಿಲ್ಲ.

"ಈಗ್ಲೂ... ಹೋಗಲ್ಲ ತಾನೇ?" ಅಂತ ಕೇಳಿದೆ. ನಾಚಿಕೆಗೆಟ್ಟವಳು, ಅದನ್ನೇ ಮೊದಲು ಕೇಳಿದೆ.

"ಹೋಗಲ್ಲ," ಅಂದಳು ಮೋಕ್ಷಿ. "ಆದ್ರೆ ಚಿಕ್ಕಮ್ಮ ತಮ್ಮ ಕೈಯೇ ಸರಿ ಇಲ್ಲ ಅನ್ಕಂಡ್ ಹೋದ್ರು. ನೀನ್ ಹೇಳ್ಬೇಕು."

"ನಾಳೆ ಹೇಳ್ತೀನಿ ಬುಡು."

"ಈಗ."

ನನ್ನ ಬ್ಯಾಗಿಗೆ ಕೈ ಹಾಕಿ ಫೋನು ತೆಗೆದು, ಅವಳೇ ನಂಬರು ಒತ್ತಿ, ನನ್ನ ಕೈಗಿಟ್ಟಳು. ಸುಚಿತ್ರಾ ತಕ್ಷಣ ಎತ್ತಿದಳು. ನನ್ನ ಗಂಡ ಕೂಡ ನನ್ನ ಫೋನನ್ನು ಅಷ್ಟು ಬೇಗ ಎತ್ತುವುದಿಲ್ಲ.

"ಅಕ್ಕ, ಬಸ್ ಸಿಕ್ತಾ? ಮನೆಗೋದ್ಮೇಲೆ ಮೋಕ್ಷಿಗೆ ಏನಾದ್ರೂ ತಿನ್ಸಿ. ಗೋಬಿ ಅರ್ಧ ಬಿಟ್ಟಿದ್ಲು."

ಮೋಕ್ಷಿ ಗೋಬಿ ಬಿಟ್ಟದ್ದನ್ನು ನಾನು ನೋಡಿರಲಿಲ್ಲ. ಅವಳು ನೋಡಿದ್ದಳು. ದೇವರಾಣೆಗೂ, ಆ ಗಳಿಗೆಯಲ್ಲೂ ನನ್ನ ಹೊಟ್ಟೆಯೊಳಗೆ ಚುರುಕ್ ಅಂದಿತು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು, ರಿಂಗು ಅವಳ ಮಡಿಲಲ್ಲಿತ್ತು.

"ತಿನ್ನುಸ್ತೀನಿ," ಅಂದೆ. "ಸುಚಿ, ಫೋನ್ ಇಡ್ಬ್ಯಾಡ. ನಿನ್ ಕೈಯಲ್ಲಿ ಏನೂ ತಪ್ಪಿಲ್ಲ ಕಣವ್ವ. ನಾನ್ ಕೊಟ್ಟ ರಿಂಗು..."